ಮಾದೇಶ್ವರ ಕಾವ್ಯದ ನಾಯಕನಲ್ಲಿ ಕಪಟವೂ ಕಾರುಣ್ಯವೂ

ಸತ್ತೇಗಾಲದ ಮಾರ್ಗವಾಗಿ ಮಲೆಮಹದೇಶ್ವರನ ಬೆಟ್ಟಕ್ಕೆ ಕಾಲ್ನಡೆಯಿಂದ ಹೋಗುವ ಯಾತ್ರಿಕರು ತಮ್ಮ ದೇವರನ್ನು ‘ಮಾಯಕಾರ’ನೆಂದು ಕೂಗುವರು. ಇದು ನಿಂದೆಯಲ್ಲ, ಸ್ತುತಿ. ಪಾಠಶಾಲೆಯಲ್ಲಿ ದಶರೂಪಕವನ್ನು ಓದಿದ ನಮ್ಮಂಥವರಿಗೆ ಈ ಕೂಗು ತೊಡಕನ್ನೊಡ್ಡುತ್ತದೆ. ಧನಂಜಯನು ಕ್ಷಮೆ, ಗಾಂಭೀರ್ಯಗಳನ್ನು ಧೀರೋದಾತ್ತನಿಗೂ ದರ್ಪ, ಮಾಯೆ, ಕಪಟಗಳನ್ನು ಧೀರೋದ್ಧತನಿಗೂ ಹಂಚಿಕೊಟ್ಟಿರುವನು. ನಾಯಕನಿಗೆ ಒಪ್ಪದ ಕಥಾಂಶವನ್ನು ಬಿಡಬೇಕು, ಇಲ್ಲವೆ ಮಾರ್ಪಡಿಸಬೇಕು ಎಂಬುದೂ ಆತನ ವಿಧಿಯೇ. ಭವಭೂತಿಯು ಮಹಾವೀರಚರಿತದಲ್ಲಿ ವಾಲಿಯನ್ನೇ ರಾಮನ ಮೇಲೆ ಏರಿಬರುವಂತೆ ಮಾಡಿ ನಾಯಕನ ಕಳಂಕವನ್ನು ತೊಡೆದನಷ್ಟೆ.

ದೇವರಗುಡ್ಡರು ಕಂಸಾಳೆ ಹಿಡಿದು ಹಾಡುವ, ಡಾ. ಪಿ. ಕೆ. ರಾಜಶೇಖರ ಅವರು 1973ರಲ್ಲಿ ಅಚ್ಚಿಗೆ ತಂದ ಮಾದೇಶ್ವರ ಕಾವ್ಯವು ಈ ವಿಧಿಯನ್ನು ಲೆಕ್ಕಿಸದು. ದೇವತೆಗಳನ್ನು ಸೆರೆಯಲ್ಲಿಟ್ಟ ಶ್ರವಣ ದೊರೆಯ ವಧೆಯನ್ನು ನೋಡಬೇಕು. ಹರಳಯ್ಯನಿಂದ ಅರಗಿನ ಪಾದರಕ್ಷೆಗಳನ್ನು ಮಾಡಿಸಿ, ಅವನ್ನು ಶ್ರವಣನ ಕಾಲಿಗೆ ತೊಡಿಸಿ ಮಾದೇಶ್ವರನು ಅವನನ್ನು ಸುಡುವನು. ಭಾರತದಲ್ಲಿ ಅರಗು ದುರ್ಯೋಧನನ ಉಪಾಯ. ಇಲ್ಲಿ ಅದೇ ಅರಗು ನಾಯಕನ ಕೈಯಲ್ಲಿದೆ!

ಸೇನೆಯಿಲ್ಲದ ಜಂಗಮನಿಗೆ ಉಪಾಯವೇ ಆಯುಧವೆಂದು ಇದಕ್ಕೆ ಸಮಾಧಾನ ಹೇಳಬಹುದು. ಸಂಕಮ್ಮನ ಸಾಲಿನಲ್ಲಿ ಆ ಸಮಾಧಾನವೂ ಸಲ್ಲದು. ಕಾಡಿಗೆ ಹೊರಟ ಗಂಡ ನೀಲೇಗೌಡನು ಅವಳ ಶೀಲಕ್ಕೆ ಆಣೆ ಕೇಳುವನು, ಅವಳು ಆಣೆಯಿಡಳು, ಮಾಟದಿಂದ ಗುಡಿಸಲಲ್ಲಿ ಬಂಧಿಸಿ ಹೋಗುವನು. ಅವಳನ್ನು ಬಿಡಿಸುವವನು ಮಾದೇಶ್ವರನೇ. ಬಂಜೆಗೆ ಸಂತಾನವನ್ನು ಕರುಣಿಸುವನು; ಆದರೆ ಹುಟ್ಟಲಿರುವ ಕಾರಯ್ಯ ಬಿಲ್ಲಯ್ಯರು ತನ್ನ ಒಕ್ಕಲಾಗಬೇಕೆಂದು ಮೊದಲೇ ಮಾತು ಪಡೆಯುವನು. ಗಂಡನು ಆಣೆ ಕೇಳಿದನು, ದೇವರು ಭಾಷೆ ಕೇಳಿದನು. ಎರಡೂ ಒಂದೇ ಎಂದು ನಾನು ಹೇಳುವುದಿಲ್ಲ; ಒಂದು ಅವಳನ್ನು ಕಟ್ಟಿತು, ಇನ್ನೊಂದು ಬಿಡಿಸಿತು. ಆದರೂ ಒಡೆಯನ ಪಟ್ಟು ಎರಡರಲ್ಲಿಯೂ ಇದೆ. ಅರಗನ್ನು ಹೂಡಿದ ಪಟ್ಟೂ ಅದೇ. ಇದನ್ನು ಕಿತ್ತರೆ ಸಂಕಮ್ಮನನ್ನು ಬಿಡಿಸುವ ಬಲವೂ ಅವನಲ್ಲಿ ಉಳಿಯದು. ಆದುದರಿಂದ ಇವನಲ್ಲಿ ಉದಾತ್ತ, ಉದ್ಧತಗಳನ್ನು ಬೇರ್ಪಡಿಸಲು ಹೊರಡುವುದು ವ್ಯರ್ಥಪ್ರಯಾಸವೆಂದು ನನ್ನ ಮತ.

ಎಲ್ಲವೂ ಲೀಲೆಯೆಂದು ಕೈತೊಳೆದುಕೊಳ್ಳುವುದು ಸುಲಭ. ಆದರೆ ಲೀಲೆಯೆಂದ ಮೇಲೆ ಶ್ರವಣನು ಬೆಂದರೆ ಭಯವಿಲ್ಲ, ಸಂಕಮ್ಮನ ಬಂಧನ ಕಳಚಿದರೆ ಹರ್ಷವೂ ಇಲ್ಲ, ರಸಕ್ಕೆ ಆಸ್ಪದವೆಲ್ಲಿ?

ಸಂಕಮ್ಮನ ಸಾಲನ್ನು ಮಾತ್ರ ಆರಿಸಿ ಕರುಣಾಳುವಾದ ದೇವರನ್ನು ತೋರಿಸುವುದು ಉಪಾಧ್ಯಾಯರ ಪರಿಪಾಟಿ. ನಾನೂ ಬಹುಕಾಲ ಹಾಗೆಯೇ ಪಾಠ ಹೇಳಿದೆನು. ದೇವರು ಮೋಸಮಾಡಬಹುದೆ ಎಂದು ಶಿಷ್ಯನೊಬ್ಬನು ಕೇಳಿದಾಗ, ಶ್ರವಣನ ಕಥೆ ಪಠ್ಯದಲ್ಲಿಲ್ಲವೆಂದು ಅವನನ್ನು ಕುಳ್ಳಿರಿಸಿದೆನು. ಈಗ ಎರಡು ಸಾಲುಗಳನ್ನೂ ಒಟ್ಟಿಗೆ ಓದಿಸುತ್ತಿದ್ದೇನೆ. ಪ್ರಶ್ನೆಯನ್ನು ಮೊದಲು ನಾನೇ ಕೇಳುತ್ತೇನೆ.