ಗಾಂಬೂಸಿಯಾಕ್ಕೆ ಕೆರೆಯೇ ಏಕೆ?

ಮಳೆಗಾಲ ಶುರುವಾದರೆ ಪತ್ರಿಕೆಗಳಲ್ಲಿ ಒಂದು ಫೋಟೊ ತಪ್ಪುವುದಿಲ್ಲ: ಕೆರೆ ಏರಿಯ ಮೇಲೆ ಜನಪ್ರತಿನಿಧಿ, ಪಕ್ಕದಲ್ಲಿ ಆರೋಗ್ಯ ಸಿಬ್ಬಂದಿ, ನೀರಿಗೆ ಬಗ್ಗಿಸಿದ ಬಕೆಟ್. ಒಳಗಿರುವುದು ಸೊಳ್ಳೆ ಮರಿ ತಿನ್ನುವ ಗಾಂಬೂಸಿಯಾ. ಎಷ್ಟು ಸಾವಿರ ಮೀನು ಬಿಟ್ಟರು ಎಂಬುದು ಸುದ್ದಿಯಲ್ಲಿರುತ್ತದೆ. ಸೊಳ್ಳೆ ಎಷ್ಟು ಇಳಿಯಿತು, ಕೆರೆಗೇನಾಯಿತು ಎಂಬ ಲೆಕ್ಕ ಯಾರೂ ಕೇಳುವುದಿಲ್ಲ.

ಡೆಂಗಿ ವಿಷಯದಲ್ಲಂತೂ ವಿಳಾಸವೇ ತಪ್ಪು. ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಡ್ರಮ್ಮು, ಹಳೇ ಟೈರು, ಎಳನೀರು ಬುರುಡೆಗಳಲ್ಲಿ, ಕೆರೆಯಲ್ಲಲ್ಲ.

ಮಲೇರಿಯಾದ ಮಾತು ಬೇರೆ. ಕೋಲಾರ ಜಿಲ್ಲೆಯ ಕಾಮಸಮುದ್ರದ ಸುತ್ತಿನ ಹಳ್ಳಿಗಳಲ್ಲಿ ಬಾವಿಗೆ ಗಪ್ಪಿ ಎಂಬ ಇನ್ನೊಂದು ಮೀನು ಬಿಟ್ಟಾಗ ರೋಗ ಇಳಿಯಿತು. ಅಲ್ಲಿನ ಸೊಳ್ಳೆ ಬಾವಿಯಲ್ಲೇ ಹುಟ್ಟುತ್ತಿತ್ತು. ಆದರೆ ಬಾವಿಗಿಲ್ಲದ ಕೋಡಿ ಕೆರೆಗಿದೆ. ಕೋಡಿ ಬಿದ್ದ ವರ್ಷ ಮೀನು ಕೆಳಗಿನ ಕೆರೆಗೆ, ಅಲ್ಲಿಂದ ಹಳ್ಳಕ್ಕೆ ಇಳಿಯುತ್ತದೆ. ಮತ್ತೆ ಅದನ್ನು ಹಿಡಿದು ತರುವ ಉಪಾಯವಿಲ್ಲ.

ಅಮೆರಿಕದ ದಕ್ಷಿಣ ಭಾಗದ ಗಾಂಬೂಸಿಯಾ ಭಾರತಕ್ಕೆ ಬಂದದ್ದು 1928ರಲ್ಲಿ, ಇಟಲಿಯಿಂದ. ಎರಡೂವರೆ ಅಂಗುಲ ದಾಟದ ಹೆಣ್ಣು ಮೊಟ್ಟೆಯಿಡದೆ ಮರಿಗಳನ್ನೇ ಹೆರುತ್ತದೆ, ಬೆಚ್ಚನೆಯ ನೀರಿನಲ್ಲಿ ಹೆಚ್ಚುಕಡಿಮೆ ತಿಂಗಳಿಗೊಮ್ಮೆ. ಸೊಳ್ಳೆ ಮರಿಯನ್ನಷ್ಟೇ ತಿನ್ನುತ್ತೇನೆಂದು ಅದು ಯಾರಿಗೂ ಬರೆದುಕೊಟ್ಟಿಲ್ಲ. ಬೇರೆ ಮೀನಿನ ಮೊಟ್ಟೆ, ಮರಿ, ಕಪ್ಪೆಯ ಗೊದಮೊಟ್ಟೆ ಎಲ್ಲವೂ ಅದಕ್ಕೆ ಆಹಾರ. ತನಗಿಂತ ದೊಡ್ಡ ಮೀನಿನ ರೆಕ್ಕೆಯನ್ನೂ ಕಚ್ಚಿ ಹರಿಯುತ್ತದೆ. ನೀರಿನ ಪಾಚಿ ಮೇಯುವ ಸೂಕ್ಷ್ಮ ಜೀವಿಗಳನ್ನೂ ಬಿಡುವುದಿಲ್ಲ. ಗಾಂಬೂಸಿಯಾ ಇದ್ದ ಕೊಳಗಳಲ್ಲಿ ಆ ಜೀವಿಗಳು ಕುಸಿದು ಪಾಚಿ ಉಕ್ಕಿದ್ದನ್ನು 1972ರಲ್ಲೇ ‘ಸೈನ್ಸ್’ ಪತ್ರಿಕೆ ಪ್ರಕಟಿಸಿತ್ತು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಎಜ್‌ಬಾಸ್ಟನ್ ಚಿಲುಮೆಗಳಲ್ಲಿ ಮಾತ್ರ ಬದುಕುವ ಕೆಂಪು ರೆಕ್ಕೆಯ ಪುಟ್ಟ ಮೀನೊಂದು ಇದರ ಹಾವಳಿಯಿಂದಲೇ ಅಳಿವಿನಂಚಿಗೆ ಬಂದಿದೆ.

ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಗಾಂಬೂಸಿಯಾ ಇದೆ. ವಿಶ್ವ ಆರೋಗ್ಯ ಸಂಸ್ಥೆ 1982ರಲ್ಲೇ ಇದರ ಶಿಫಾರಸು ನಿಲ್ಲಿಸಿತು. ಇಂಥ ಮೀನುಗಳಿಂದ ಮಲೇರಿಯಾ ಪ್ರಕರಣ ಇಳಿಯುತ್ತದೆ ಎನ್ನಲು ನಂಬಲರ್ಹ ಪುರಾವೆ ಇಲ್ಲವೆಂದು ವೈದ್ಯಕೀಯ ಅಧ್ಯಯನಗಳನ್ನು ಒಟ್ಟಾಗಿ ತೂಗುವ ಕೊಕ್ರೇನ್ ಪರಿಶೀಲನೆ 2017ರಲ್ಲಿ ಹೇಳಿತು. ಕಾಮಸಮುದ್ರದಂಥ ಅನುಭವ ಸುಳ್ಳೆಂದಲ್ಲ; ಅದನ್ನು ಎಲ್ಲ ನೀರಿಗೂ ಅನ್ವಯಿಸಲಾಗದು.

ನಮ್ಮ ನೀರಿನಲ್ಲೇ ಈ ಕೆಲಸ ಮಾಡುವ ಮೀನಿದೆ. ನೆತ್ತಿಯ ಮೇಲೆ ಬೆಳ್ಳಿ ಚುಕ್ಕೆಯಿರುವ ಅಪ್ಲೋಕೈಲಸ್ ಮೇಲ್ನೀರಿನಲ್ಲೇ ಈಜುತ್ತ ಸೊಳ್ಳೆ ಮರಿ ಹೆಕ್ಕುತ್ತದೆ. ಇಲಾಖೆಗಳಿಗೆ ಅದು ಒಲ್ಲದಿರಲು ಕಾರಣವೂ ಇದೆ: ಗಾಂಬೂಸಿಯಾಕ್ಕೆ ಸಿಮೆಂಟ್ ತೊಟ್ಟಿ ಸಾಕು, ಅಪ್ಲೋಕೈಲಸ್ ನೀರುಗಿಡಗಳಿಗೆ ಒಂದೊಂದೇ ಮೊಟ್ಟೆ ಅಂಟಿಸುತ್ತದೆ. ಅದು ಹೆಚ್ಚಬೇಕಾದರೆ ದಡದಲ್ಲಿ ಜೊಂಡು, ಗಿಡ ಇರಬೇಕು. ಕೆರೆ ಅಭಿವೃದ್ಧಿಗೆ ಜೆಸಿಬಿ ಇಳಿದಾಗ ಮೊದಲು ಹೋಗುವುದು ಅದೇ.