ಎಪ್ಪತ್ತು ವರ್ಷಗಳ ಕಾಗದ

ಕೆಲಸ ಹೋದ ವಾರ, ಆಸ್ಪತ್ರೆಯ ವರದಿಗೆ ಕಾಯುವ ದಿನ, ಕ್ರೈಸ್ತ ಗೆಳೆಯರ ಮೊಬೈಲುಗಳಲ್ಲಿ ಒಂದು ವಚನ ಓಡಾಡುತ್ತದೆ: ಯೆರೆಮೀಯನ ಗ್ರಂಥದ 29ನೆಯ ಅಧ್ಯಾಯದ 11ನೆಯ ವಚನ. ದೇವರು ನಿಮಗೆ ಬಗೆದಿರುವುದು ಕೇಡನ್ನಲ್ಲ, ಒಳಿತನ್ನು. ನಿಮಗೊಂದು ನಾಳೆ ಇದೆ ಎಂಬುದು ಅದರ ಸಾರ. ಸೂರ್ಯೋದಯದ ಚಿತ್ರದ ಮೇಲೆ ಬರುವ ಈ ಮಾತನ್ನು ಅಣಕಿಸುವ ಉದ್ದೇಶ ನನಗಿಲ್ಲ. ನಿದ್ದೆ ಬಾರದ ರಾತ್ರಿಗಳಲ್ಲಿ ಅದು ಹಲವರಿಗೆ ಆಸರೆಯಾಗಿದೆ. ನನ್ನ ತಕರಾರು ಕತ್ತರಿಯ ಬಗ್ಗೆ. ಈ ಒಂದು ವಚನವನ್ನು ಕತ್ತರಿಸಿಕೊಂಡಾಗ ಅದರ ಹಿಂದಿನದು ಕೆಳಗೆ ಬಿದ್ದುಹೋಗುತ್ತದೆ. ಅದರಲ್ಲಿರುವುದು ಒಂದು ಲೆಕ್ಕ: ಎಪ್ಪತ್ತು ವರ್ಷ.

ಇದು ಮೂಲತಃ ಒಂದು ಕಾಗದ. ಕ್ರಿ.ಪೂ. 597ರಲ್ಲಿ ಬಾಬೆಲಿನ ದೊರೆ ನೆಬೂಕದ್ನೆಚ್ಚರ ಯೆರೂಸಲೇಮಿನ ಅರಸನನ್ನೂ ಗಣ್ಯರನ್ನೂ ಕುಶಲಕರ್ಮಿಗಳನ್ನೂ ಸೆರೆ ಒಯ್ದ. ಊರಲ್ಲೇ ಉಳಿದ ಯೆರೆಮೀಯ ಅವರಿಗೆ ಬರೆದ: ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಅದರ ಫಲ ತಿನ್ನಿ, ಮಕ್ಕಳ ಮದುವೆ ಮಾಡಿ, ಸೆರೆಯಿರುವ ಊರಿಗಾಗಿಯೇ ಪ್ರಾರ್ಥಿಸಿ. ಹೀಬ್ರೂವಿನ 'ಶಾಲೋಮ್' ಏಳನೆಯ ವಚನದಲ್ಲಿ ಮೂರು ಸಲ ಬಂದು, ಹನ್ನೊಂದನೆಯದರಲ್ಲಿ ಮತ್ತೆ ಬರುತ್ತದೆ. ದೇವರು ಬಗೆದ ಒಳಿತಿಗೂ ಶತ್ರುವಿನ ಊರಿನ ಒಳಿತಿಗೂ ಗಂಟು ಬಿದ್ದಿದೆ. ಇದು ನುಂಗಲು ಕಷ್ಟದ ಮಾತು.

ಕನ್ನಡದಲ್ಲಿ ಇನ್ನೊಂದು ತೊಡಕು. ಮೂಲದ 'ನಿಮಗೆ' ಬಹುವಚನ, ಸೆರೆಹೋದ ಸಮುದಾಯಕ್ಕೆ ಹೇಳಿದ್ದು. ನಮ್ಮ 'ನಿಮಗೆ' ಒಬ್ಬರಿಗೆ ಕೊಡುವ ಗೌರವವೂ ಹೌದು. ಹಾಗಾಗಿ ಮೊಬೈಲಿನಲ್ಲಿ ಓದುವವರಿಗೆ ಅದು ತಮ್ಮೊಬ್ಬರ ವಿಳಾಸಕ್ಕೇ ಬಂದಂತಿರುತ್ತದೆ.

ಇದಕ್ಕಿಂತ ಹಿತವಾದ ಭರವಸೆ ಆಗಲೂ ಸಿಗುತ್ತಿತ್ತು. ಹಿಂದಿನ ಅಧ್ಯಾಯದಲ್ಲಿ ಹನನ್ಯನೆಂಬ ಪ್ರವಾದಿ, ಎರಡೇ ವರ್ಷದಲ್ಲಿ ಎಲ್ಲರೂ ಮರಳುತ್ತಾರೆಂದು ದೇವಾಲಯದಲ್ಲಿ ಸಾರುತ್ತಾನೆ. ಯೆರೆಮೀಯ ಮೊದಲು ಹೇಳುವುದು 'ಆಮೆನ್'. ಇದನ್ನು ವ್ಯಂಗ್ಯವೆಂದು ಓದಬಹುದು. ನನಗೆ ಆಸೆಯೆಂದೇ ಕೇಳಿಸುತ್ತದೆ. ಅವನಿಗೂ ಅದು ನಿಜವಾದರೆ ಸಾಕಿತ್ತು. ಆದರೆ ಸುಳ್ಳನ್ನು ನಂಬಿಸಿದೆ ಎಂದು ಹನನ್ಯನಿಗೆ ಹೇಳಬೇಕಾಗಿ ಬಂದದ್ದೂ ಅವನಿಗೇ.

ಈ ಕಾಗದದ ಭರವಸೆ ನನಗೆ 11ನೆಯ ವಚನಕ್ಕಿಂತ 5ನೆಯದರಲ್ಲಿ, ಆ ತೋಟದಲ್ಲಿ, ಹೆಚ್ಚು ಕಾಣುತ್ತದೆ. ನನ್ನ ಓರಗೆಯವರ ಚಿಂತೆಯ ಭಾಷೆಯೇ ಮುಂದೂಡಿಕೆಯದು: ಕೆಲಸ ಕಾಯಂ ಆದಮೇಲೆ ಮದುವೆ, ಕಾಯಂ ಆದಮೇಲೆ ಮನೆ. ವರ್ಷಾವರ್ಷ ನೇಮಕದ ಪಟ್ಟಿಗೆ ಕಾಯುವ ಅತಿಥಿ ಉಪನ್ಯಾಸಕರಿಗೆ ಬಾಡಿಗೆ ಕೋಣೆಯ ಗೋಡೆಗೆ ಮೊಳೆ ಹೊಡೆಯುವುದೂ ಆಮೇಲಿನ ಮಾತು. ಯೆರೆಮೀಯ ಕಾಯಲು ಹೇಳುತ್ತಾನೆ, ಆದರೆ ಬದುಕನ್ನು ಗಂಟುಮೂಟೆಯಲ್ಲಿಟ್ಟುಕೊಂಡು ಕಾಯಬೇಡಿ ಎನ್ನುತ್ತಾನೆ. ಇದನ್ನು ಓದಿದ ದೊಡ್ಡವರಲ್ಲಿ ಬಹುಪಾಲು ಮಂದಿ ಊರು ನೋಡುವುದಿಲ್ಲ. ತೋಟದ ಹಣ್ಣು ಮಾತ್ರ ತಿಂದಾರು.

ಬಾಬೆಲಿನಲ್ಲಿ ಎಲ್ಲರಿಗೂ ಇದು ಸಾಂತ್ವನವಾಗಿ ಕೇಳಿಸಲಿಲ್ಲ. ಅಧ್ಯಾಯದ ಕೊನೆಗೆ, ಅಲ್ಲಿದ್ದ ಶೆಮಾಯನೆಂಬವನು ಯೆರೂಸಲೇಮಿನ ಯಾಜಕನಿಗೆ ದೂರು ಬರೆಯುತ್ತಾನೆ: ಮನೆ ಕಟ್ಟಿಕೊಳ್ಳಿ ಎಂದು ನಮಗೆ ಬರೆದ ಆ ಹುಚ್ಚನಿಗೆ ನೀವಿನ್ನೂ ಕೋಳ ಹಾಕಿಲ್ಲವೇಕೆ?