ಸಂಬಳವಿಲ್ಲದವರ ಲೆಕ್ಕ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಮದುವೆಯ ಮಾತುಕತೆಯಲ್ಲಿ ಈಗ ತಪ್ಪದೆ ಬರುವ ಪ್ರಶ್ನೆ: ‘ಮಾಣಿಗೆ ಸ್ಯಾಲರಿ ಎಷ್ಟಂಬ್ರು?’ ತೋಟ, ದೋಣಿ, ಅಂಗಡಿ ಇದ್ದರೂ ‘ಸ್ಯಾಲರಿ ಅಂತ ಏನಿಲ್ಲ’ ಎಂದರೆ ಮಾತು ಸ್ವಲ್ಪ ತಣ್ಣಗಾಗುತ್ತದೆ. ತಿಂಗಳಿಗೊಮ್ಮೆ ಕೈಸೇರುವ ನಿಗದಿತ ಹಣ ಎಂಬುದಷ್ಟೇ ಈ ಪದದ ಅರ್ಥ. ಬಳಕೆಯಲ್ಲಿ ಮಾತ್ರ ಅದು ‘ಈತ ಕೆಲಸದಲ್ಲಿದ್ದಾನೆ’ ಎಂಬ ಪ್ರಮಾಣಪತ್ರ. ನನ್ನಂಥ ಸಂಶೋಧನಾ ವಿದ್ಯಾರ್ಥಿಗಳ ಫೆಲೋಶಿಪ್ಪನ್ನು ಊರಲ್ಲಿ ಯಾರೂ ಸ್ಯಾಲರಿ ಎಂದು ಒಪ್ಪುವುದಿಲ್ಲ, ನಾವಿನ್ನೂ ‘ಓದುತ್ತಿರುವವರು’. ಇದೇ ಅಳತೆಗೋಲು ನಮ್ಮ ಸಾಹಿತ್ಯದ ಓದಿನೊಳಗೂ ನುಸುಳಿದೆ ಎಂಬುದು ನನ್ನ ತಕರಾರು.

ಸ್ಯಾಲರಿಯ ಮೂಲ ಲ್ಯಾಟಿನ್ನಿನ ‘ಸಲಾರಿಯಂ’. ಅದರೊಳಗೆ ಉಪ್ಪು ಎಂಬರ್ಥದ ‘ಸಾಲ್’ ಇದೆ. ರೋಮನ್ ಸೈನಿಕರಿಗೆ ಉಪ್ಪನ್ನೇ ಸಂಬಳವಾಗಿ ಕೊಡುತ್ತಿದ್ದರು ಎಂಬ ಜನಪ್ರಿಯ ಕತೆಗೆ ಗಟ್ಟಿ ಆಧಾರವಿಲ್ಲ. ಸಂಸ್ಕೃತದ ‘ಶಂಬಲ’ ಎಂದರೆ ದಾರಿಯ ಬುತ್ತಿ. ನಮ್ಮ ‘ಸಂಬಳ’ಕ್ಕೂ ಅದಕ್ಕೂ ನಂಟು ಹೇಳುವವರಿದ್ದಾರೆ. ಎರಡೂ ಪದಗಳ ಹಿಂದೆ ಇರುವುದು ಹೊಟ್ಟೆಯ ಮಾತು. ಕರಾವಳಿಯ ದುಡಿಮೆಗಂತೂ ಒಂದೇ ಹೆಸರು ಸಾಕಾಗಿರಲಿಲ್ಲ. ಬಲೆ ಎಳೆದವರಿಗೆ ಪಾಲು, ಪುರೋಹಿತರಿಗೆ ದಕ್ಷಿಣೆ, ಭೂಮಾಲೀಕರಿಗೆ ಗೇಣಿ, ಗೇರುಬೀಜ ಕಾರ್ಖಾನೆಯ ಹೆಂಗಸರಿಗೆ ಕಿಲೋ ಲೆಕ್ಕದ ಮಜೂರಿ. ಯಕ್ಷಗಾನ ಮೇಳದವರಿಗೆ ಸಂಬಳವೇನೋ ಉಂಟು, ಆದರೆ ಅದು ತಿರುಗಾಟ ಇರುವಷ್ಟು ದಿನ.

ಕೋಟದವರಾದ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯನ್ನು ಈ ಹೆಸರುಗಳ ನಡುವೆ ಇಟ್ಟು ಓದಬೇಕು. ರಾಮ ಐತಾಳ, ಮಗ ಲಚ್ಚ, ಮೊಮ್ಮಗ ರಾಮ – ಮೂರು ತಲೆಮಾರಿನ ಕತೆಯೆಂದು ಅದನ್ನು ಪರಿಚಯಿಸುವುದು ರೂಢಿ. ಮದರಾಸಿನಲ್ಲಿ ಓದಿ, ಮುಂಬಯಿಯಲ್ಲಿ ಕೆಲಸಕ್ಕಾಗಿ ಅಲೆದ ಮೊಮ್ಮಗ ಊರಿಗೆ ಹಿಂತಿರುಗುವುದೇ ಅದರ ತಿರುಳು ಎನ್ನುತ್ತೇವೆ. ಅಂದರೆ ಸಂಬಳ ಹುಡುಕಿ ಹೊರಟವನ ದಾರಿಯನ್ನೇ ಕಾದಂಬರಿಯ ದಾರಿ ಎಂದು ಹಿಡಿದಿದ್ದೇವೆ. ಐತಾಳರ ಹೆಂಡತಿ ಪಾರೋತಿ, ವಿಧವೆ ತಂಗಿ ಸರಸೋತಿ ಎಲ್ಲಿಗೂ ಹೋದವರಲ್ಲ. ಗದ್ದೆಯ ಕೆಲಸ ಅವರದು. ಮಳೆಗಾಲದ ನೆರೆಯಲ್ಲಿ ತೇಲಿಬರುವ ಕಟ್ಟಿಗೆ ಹಿಡಿದು ರಾಶಿ ಹಾಕುವುದೂ ಅವರದೇ. ಐತಾಳರ ಪೌರೋಹಿತ್ಯಕ್ಕೆ ದಕ್ಷಿಣೆ ಎಂಬ ಹೆಸರಾದರೂ ಇದೆ. ಇವರ ದುಡಿಮೆಗೆ ಅದೂ ಇಲ್ಲ. ಲಚ್ಚ ಆಸ್ತಿ ಕಳೆದ ಮೇಲೆ ಮಗನನ್ನು ದಡ ಸೇರಿಸುವ ಹೊಣೆ ನಾಗವೇಣಿಯ ಮೇಲೆ ಬೀಳುತ್ತದೆ. ರಾಮ ಮರಳಲು ಮಣ್ಣೆಂಬುದು ಉಳಿದದ್ದು ಈ ಹೆಂಗಸರಿಂದ. ಕಾರಂತರು ಅವರ ಮೈದಣಿವನ್ನು ಪುಟಗಟ್ಟಲೆ ಬರೆದಿದ್ದಾರೆ. ವಿಮರ್ಶೆಯಲ್ಲಿ ಅದು ‘ತಾಳ್ಮೆ’, ‘ತ್ಯಾಗ’ ಎಂದಾಗುತ್ತದೆ. ರಾಮನ ನಿರುದ್ಯೋಗವನ್ನು ಆರ್ಥಿಕ ಸಮಸ್ಯೆ ಎಂದು ಓದಿ, ಇವರ ದುಡಿಮೆಯನ್ನು ಗುಣ ಎಂದು ಓದುವುದು ನ್ಯಾಯವಲ್ಲ.

ಕುಂದಾಪುರದ ವೈದೇಹಿಯವರ ಕತೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿ 2008ರಲ್ಲಿ ಮಾಡಿದ ‘ಗುಲಾಬಿ ಟಾಕೀಸ್’ ಇದೇ ಪ್ರಶ್ನೆಯನ್ನು ಇನ್ನೊಂದು ಕಡೆಯಿಂದ ತೋರಿಸುತ್ತದೆ. ಚಿತ್ರದ ಗುಲಾಬಿ ಸೂಲಗಿತ್ತಿ. ಹೆರಿಗೆ ಮಾಡಿಸಿದ ಉಪಕಾರಕ್ಕೆ ಅವಳ ಮನೆಗೊಂದು ಟಿ.ವಿ. ಬರುತ್ತದೆ. ಅದು ಕೂಲಿಯೋ, ಉಡುಗೊರೆಯೋ? ಕೂಲಿ ಎಂದಾಗಿದ್ದರೆ ಅದು ಅವಳ ಹಕ್ಕು. ಉಡುಗೊರೆ ಎಂದಾದ್ದರಿಂದ ಕೊಟ್ಟವರ ದೊಡ್ಡತನ. ಆ ಟಿ.ವಿ.ಯ ಮುಂದೆ ಊರ ಹೆಂಗಸರು ಸೇರುತ್ತಾರೆ. ಕೊನೆಗೆ ಅದೇ ಊರು ಗುಲಾಬಿಯನ್ನು ಹೊರಹಾಕುತ್ತದೆ. ಚಿತ್ರವನ್ನು ಕೋಮು ರಾಜಕಾರಣದ, ಜಾಗತೀಕರಣದ ಕತೆಯಾಗಿ ಓದಿದ್ದು ಸರಿಯೇ. ಆದರೆ ಊರಿನ ಮಕ್ಕಳನ್ನು ಕೈಯಾರೆ ಹೊರತೆಗೆದವಳನ್ನು ಅಷ್ಟು ಸುಲಭವಾಗಿ ಕಳಿಸಲು ಸಾಧ್ಯವಾದದ್ದರಲ್ಲಿ, ಅವಳಿಗೆ ಕೊಡಬೇಕಾದ್ದು ಇಂತಿಷ್ಟು ಎಂದು ಯಾರೂ ಲೆಕ್ಕ ಇಡದಿದ್ದುದರ ಪಾಲೂ ಇದೆ.

ಸಂಬಳ ಕೆಟ್ಟದ್ದು ಎಂದು ಇದರ ಅರ್ಥವಲ್ಲ. ನಿಗದಿತ ಹಣ ಕೇಳಿ ಪಡೆಯಬಹುದಾದ ಹಣ. ಹೆಣ್ಣುಮಕ್ಕಳಿಗೆ ಅದು ಕೊಟ್ಟ ಧೈರ್ಯ ಸಣ್ಣದಲ್ಲ. ಕೈಗೆ ಎಷ್ಟು ಬಂತು ಎಂದು ಕೇಳುವುದೂ ತಪ್ಪಲ್ಲ. ಆದರೆ ಕರಾವಳಿಯ ಕೃತಿಗಳನ್ನು ಓದುವಾಗ ಅದಕ್ಕೂ ಮೊದಲು ಕೇಳಬೇಕಾದ್ದು, ಈ ಮನೆಯಲ್ಲಿ ಗೇದವರು ಯಾರು ಎಂದು.